ಕೊನೆಯ ಓವರು ಯಾರಿಗೆ?

ಶೇಂಗಾ ಕಿತ್ತು ಹೊಲಗಳು ಬಯಲಾದ ಮೇಲೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಊರುಗಳಲ್ಲಿ ಟೆನಿಸ್ ಚೆಂಡಿನ ಪಂದ್ಯಾವಳಿಗಳು ಶುರುವಾಗುತ್ತವೆ. ಹತ್ತು ಓವರಿನ ಆಟ, ಒಬ್ಬ ಬೌಲರಿಗೆ ಎರಡೇ ಓವರು. ಸೆಮಿಫೈನಲ್ ಹೊತ್ತಿಗೆ ಗೆರೆಯಾಚೆ ಜನ ಸೇರಿರುತ್ತಾರೆ. ತಂಡದ ಒಳ್ಳೆಯ ಬೌಲರನನ್ನು ನಾಯಕ ಏಳನೇ ಓವರಿಗೇ ಕರೆದನೋ, ಹಿಂದಿನಿಂದ ಯಾರೋ ಕೂಗುತ್ತಾರೆ: "ಅವನನ್ನು ಈಗಲೇ ಯಾಕೆ ಖರ್ಚು ಮಾಡ್ತೀಯೋ? ಲಾಸ್ಟ್ ಓವರಿಗೆ ಇಟ್ಕೋ!"

ಈ ಕೂಗು ನಮ್ಮೂರಿನದು ಮಾತ್ರವಲ್ಲ. ಕೋಟಿಗಟ್ಟಲೆ ಹಣ ಓಡಾಡುವ ಆಟಗಳಲ್ಲೂ ಇದೇ ತಗಾದೆ. ನಾಕೌಟ್ ಪಂದ್ಯ ಅಂದರೆ ಸೋತವನಿಗೆ ನಾಳೆ ಎಂಬುದಿಲ್ಲ. ಅಂಥ ದಿನ ಕೈಯಲ್ಲಿರುವ ನಾಲ್ಕೈದು ಬೌಲರುಗಳನ್ನು ಯಾವಾಗ, ಯಾರ ಮೇಲೆ, ಎಷ್ಟು ಖರ್ಚು ಮಾಡಬೇಕು ಎಂಬುದು ನಾಯಕನ ತಲೆನೋವು. ಮನೆಯಲ್ಲಿ ಶಾಲಾ ತಂಡಕ್ಕೆ ಆಡುವ ಹುಡುಗನೋ ಹುಡುಗಿಯೋ ಇದ್ದರೆ ಇದು ನಿಮ್ಮ ತಲೆನೋವೂ ಹೌದು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಕರ್ನಾಟಕ ತಂಡದ ಎರಡು ಪಂದ್ಯಗಳನ್ನು ನೋಡೋಣ. ಎರಡೂ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯ ಫೈನಲ್‌ಗಳು. ಎರಡರಲ್ಲೂ ಎದುರಾಳಿ ತಮಿಳುನಾಡು, ನಮ್ಮ ನಾಯಕ ಮನೀಶ್ ಪಾಂಡೆ.

2019ರ ಡಿಸೆಂಬರ್ 1, ಸೂರತ್. ಕರ್ನಾಟಕ 180 ರನ್ನು ಮಾಡಿತ್ತು. ಕೊನೆಯ ಓವರಿನಲ್ಲಿ ತಮಿಳುನಾಡಿಗೆ 13 ರನ್ನು ಬೇಕು. ಪಾಂಡೆ ಚೆಂಡು ಕೊಟ್ಟದ್ದು ಆಫ್‌ಸ್ಪಿನ್ನರ್ ಕೃಷ್ಣಪ್ಪ ಗೌತಮ್ ಕೈಗೆ. ಟಿ-20ಯಲ್ಲಿ ಕೊನೆಯ ಓವರು ಸಾಮಾನ್ಯವಾಗಿ ವೇಗದವರದು, ಯಾರ್ಕರ್ ಹಾಕಬಲ್ಲವರದು. ಗೌತಮ್‌ರ ಮೊದಲ ಎರಡು ಎಸೆತಗಳನ್ನು ರವಿಚಂದ್ರನ್ ಅಶ್ವಿನ್ ಬೌಂಡರಿಗೆ ಅಟ್ಟಿದರು. ಉಳಿದದ್ದು ನಾಲ್ಕು ಎಸೆತ, ಐದು ರನ್ನು. ಟಿವಿ ಮುಂದೆ ಕುಳಿತವರು ಆಗಲೇ ನಾಯಕನಿಗೆ ಬೈದು ಮುಗಿಸಿದ್ದರು. ಆದರೆ ಗೌತಮ್ ಆಮೇಲಿನ ನಾಲ್ಕು ಎಸೆತಗಳಲ್ಲಿ ಮೂರೇ ರನ್ನು ಬಿಟ್ಟರು. ಕರ್ನಾಟಕ ಗೆದ್ದದ್ದು ಒಂದು ರನ್ನಿನಿಂದ. ಮರುದಿನ ಪಾಂಡೆ 'ಜಾಣ ನಾಯಕ'.

2021ರ ನವೆಂಬರ್ 22, ದೆಹಲಿ. ಈ ಸಲ ಕರ್ನಾಟಕದ ಮೊತ್ತ 151. ಕೊನೆಯ ಓವರಿಗೆ ತಮಿಳುನಾಡಿಗೆ 16 ರನ್ನು ಬೇಕು. ಚೆಂಡು ಮತ್ತೆ ಸ್ಪಿನ್ನರ್ ಕೈಗೆ, ಎಡಗೈನ ಪ್ರತೀಕ್ ಜೈನ್‌ಗೆ. ಕೊನೆಯ ಎಸೆತಕ್ಕೆ ಐದು ರನ್ನು ಬೇಕಿತ್ತು. ಶಾರುಖ್ ಖಾನ್ (ಸಿನಿಮಾದವರಲ್ಲ, ಚೆನ್ನೈನ ಬ್ಯಾಟ್ಸ್‌ಮನ್) ಅದನ್ನು ಸಿಕ್ಸರಿಗೆ ಎತ್ತಿದರು. ಟ್ರೋಫಿ ಹೋಯಿತು. ಮರುದಿನ ಅದೇ ಪಾಂಡೆ 'ಸ್ಪಿನ್ನರ್‌ಗೆ ಕೊನೆಯ ಓವರು ಕೊಡುವುದೇ?' ಎಂಬ ಪ್ರಶ್ನೆಗೆ ಗುರಿ.

ಎರಡೂ ಸಲ ಮಾಡಿದ ಕೆಲಸ ಹೆಚ್ಚುಕಡಿಮೆ ಒಂದೇ. ನಿಜ ಹೇಳಬೇಕೆಂದರೆ ಎರಡನೆಯ ಸಲ ಬೌಲರನ ಬೆನ್ನಿಗೆ ಮೂರು ರನ್ನು ಹೆಚ್ಚೇ ಇತ್ತು. ಫಲ ಬೇರೆಯಾಯಿತು, ಆದ್ದರಿಂದ ತೀರ್ಪೂ ಬೇರೆಯಾಯಿತು. ಫಲ ನೋಡಿ ನಿರ್ಧಾರವನ್ನು ಅಳೆಯುವುದು ನಮಗೆಲ್ಲ ಅಂಟಿದ ಅಭ್ಯಾಸ. ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಯಲ್ಲಿ ಏನು ನಡೆಯುತ್ತದೆಂದು ನೆನಪು ಮಾಡಿಕೊಂಡರೆ ಸಾಕು.

ಅದೇ 2021ರ ಪಂದ್ಯಾವಳಿಯಲ್ಲಿ ಇನ್ನೂ ಒಂದು ಸಂಗತಿಯಿದೆ. ಫೈನಲ್‌ಗೆ ನಾಲ್ಕು ದಿನ ಮುಂಚೆ, ನವೆಂಬರ್ 18ರ ಕ್ವಾರ್ಟರ್‌ಫೈನಲ್‌ನಲ್ಲಿ ಕರ್ನಾಟಕ, ಬಂಗಾಳ ಎರಡೂ ತಂಡ 160 ರನ್ನು ಮಾಡಿ ಪಂದ್ಯ ಸಮವಾಯಿತು. ಕೊನೆಯ ಎಸೆತದಲ್ಲಿ ಗೆಲುವಿನ ರನ್ನಿಗೆ ಓಡಿದ ಬ್ಯಾಟ್ಸ್‌ಮನ್‌ನನ್ನು ಪಾಂಡೆಯವರೇ ನೇರ ಎಸೆತದಿಂದ ರನೌಟ್ ಮಾಡಿದ್ದರು. ಸೂಪರ್ ಓವರು ಬಂತು. ಆಗಲೂ ಅವರು ಕರೆದದ್ದು ಸ್ಪಿನ್ನರ್ ಕೆ.ಸಿ. ಕಾರಿಯಪ್ಪ ಅವರನ್ನು. ಬಂಗಾಳ ಗಳಿಸಿದ್ದು ಐದೇ ರನ್ನು. ಕರ್ನಾಟಕ ಸುಲಭವಾಗಿ ಗೆದ್ದಿತು. ಎರಡು ದಿನ ಬಿಟ್ಟು ಸೆಮಿಫೈನಲ್‌ನಲ್ಲಿ ವಿದರ್ಭದ ಮೇಲೆ ಗೆಲುವು ನಾಲ್ಕು ರನ್ನಿನಿಂದ. ಐದು ದಿನದಲ್ಲಿ ಮೂರು ನಾಕೌಟ್ ಪಂದ್ಯ, ಮೂರೂ ಕೂದಲೆಳೆಯಲ್ಲಿ. ಮೊದಲ ಎರಡನ್ನು ಗೆಲ್ಲದಿದ್ದರೆ ಮೂರನೆಯದನ್ನು ಸೋಲುವ ಭಾಗ್ಯವೂ ಇರುತ್ತಿರಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕದವರ ಬೇಸ್‌ಬಾಲ್ ಆಟದಲ್ಲಿ ಈ ಬೌಲರುಗಳ ಲೆಕ್ಕ ಒಂದು ಶಾಸ್ತ್ರವೇ ಆಗಿದೆ. ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ನಾವು ಎಸೆಗಾರ ಎನ್ನೋಣ. ಪಂದ್ಯ ಒಂಬತ್ತು ಇನಿಂಗ್ಸ್. ಒಬ್ಬ ಎಸೆಗಾರ ಆಟ ಶುರು ಮಾಡುತ್ತಾನೆ. ಅವನು ದಣಿದರೆ, ಇಲ್ಲವೆ ಪೆಟ್ಟು ತಿಂದರೆ, ಅವನನ್ನು ತೆಗೆದು ಇನ್ನೊಬ್ಬನನ್ನು ತರುತ್ತಾರೆ. ನಮ್ಮ ಆಟಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲಿದೆ: ಕ್ರಿಕೆಟ್ಟಿನಲ್ಲಿ ಒಂದು ಓವರು ಹಾಕಿ ಮೈದಾನದಂಚಿಗೆ ಹೋದ ಬೌಲರನನ್ನು ಮತ್ತೆ ಕರೆಯಬಹುದು, ಅಲ್ಲಿ ಒಮ್ಮೆ ಆಟದಿಂದ ಹೊರಗೆ ಕಳಿಸಿದವನು ಆ ದಿನ ಮರಳಿ ಬರುವಂತಿಲ್ಲ. ಹಾಗಾಗಿ ನಿರ್ಧಾರ ಇನ್ನೂ ಬಿಗಿ.

ಬದಲಿ ಎಸೆಗಾರರು ಮೈ ಬೆಚ್ಚಗೆ ಮಾಡಿಕೊಳ್ಳುತ್ತ ಕಾಯುವ ಜಾಗಕ್ಕೆ 'ಬುಲ್‌ಪೆನ್' ಎಂದು ಹೆಸರು. ಪದದ ನೇರ ಅರ್ಥ ಗೂಳಿದೊಡ್ಡಿ. ನಮ್ಮ ಕಡೆಯ ಮಾತಿನಲ್ಲಿ ರೊಪ್ಪ. ಅಮೃತಮಹಲ್ ಕಾವಲುಗಳಿಗೂ ದೇವರ ಎತ್ತುಗಳಿಗೂ ಹೆಸರಾದ ಸೀಮೆಯವರಿಗೆ ಈ ಪದ ಕೇಳಿದರೆ ನಗು ಬರಬಹುದು. ಆದರೆ ರೊಪ್ಪದಲ್ಲಿ ಯಾವ ಎತ್ತು ದಣಿದಿದೆ, ಯಾವುದಕ್ಕೆ ಗೊರಸು ನೋವು, ಯಾವುದು ಇವತ್ತು ಹೊರಗೆ ಬಿಡಲು ಲಾಯಕ್ಕು ಎಂದು ಕಿಲಾರಿಗೆ ಗೊತ್ತಿರುವಂತೆ ತಂಡದ ವ್ಯವಸ್ಥಾಪಕನಿಗೂ ತನ್ನ ಎಸೆಗಾರರ ಮೈ ಗೊತ್ತಿರಬೇಕು. ಹೆಸರು ಅಷ್ಟೇನೂ ತಪ್ಪಾಗಿಲ್ಲ.

ಬಹಳ ವರ್ಷ ಅಲ್ಲಿ ಒಂದು ಸಂಪ್ರದಾಯ ಗಟ್ಟಿಯಾಗಿತ್ತು. ಅತ್ಯುತ್ತಮ ಬದಲಿ ಎಸೆಗಾರನಿಗೆ 'ಕ್ಲೋಸರ್' ಎಂದು ಪಟ್ಟ ಕಟ್ಟಿ, ತಂಡ ಮುಂದಿರುವಾಗ ಕೊನೆಯ ಇನಿಂಗ್ಸ್ ಮುಗಿಸಲು ಮಾತ್ರ ಅವನನ್ನು ಕರೆಯುವುದು. ಈ ಸಂಪ್ರದಾಯದ ಬೆಲೆ 2016ರ ಅಕ್ಟೋಬರ್ 4ರಂದು ಬಾಲ್ಟಿಮೋರ್ ತಂಡಕ್ಕೆ ತಿಳಿಯಿತು. ಟೊರಾಂಟೊದಲ್ಲಿ ಒಂದೇ ಪಂದ್ಯದ ನಾಕೌಟ್. ಬಾಲ್ಟಿಮೋರಿನ ಜ್ಯಾಕ್ ಬ್ರಿಟನ್ ಆ ವರ್ಷ ಪಂದ್ಯ ಮುಗಿಸಲು ಸಿಕ್ಕ 47 ಅವಕಾಶಗಳಲ್ಲಿ 47ನ್ನೂ ಉಳಿಸಿಕೊಟ್ಟಿದ್ದ. ಸ್ಕೋರು 2-2ರಲ್ಲಿ ಸಮವಾಗಿ ಆಟ ಹೆಚ್ಚುವರಿ ಇನಿಂಗ್ಸ್‌ಗೆ ಹೋಯಿತು. ವ್ಯವಸ್ಥಾಪಕ ಬಕ್ ಶೋವಾಲ್ಟರ್ ಒಬ್ಬರಾದ ಮೇಲೆ ಒಬ್ಬರನ್ನು ಕರೆದರು. ಬ್ರಿಟನ್‌ನನ್ನು ಮಾತ್ರ ಕರೆಯಲಿಲ್ಲ. ತಂಡ ಮುಂದಾದ ಮೇಲೆ ಬೇಕಾಗುತ್ತಾನೆಂದು ಉಳಿಸಿಕೊಂಡರು. 11ನೇ ಇನಿಂಗ್ಸ್‌ನಲ್ಲಿ ಉಬಾಲ್ಡೊ ಹಿಮೆನೆಸ್ ಎಸೆದ ಚೆಂಡನ್ನು ಎಡ್ವಿನ್ ಎನ್‌ಕಾರ್ನಸಿಯೊನ್ ಪ್ರೇಕ್ಷಕರ ಮಧ್ಯೆ ಬೀಳಿಸಿದ. 5-2. ವರ್ಷ ಮುಗಿಯಿತು. ಆ ವರ್ಷದ ಅತ್ಯುತ್ತಮ ಬದಲಿ ಎಸೆಗಾರ ರೊಪ್ಪದಲ್ಲೇ ಕುಳಿತಿದ್ದ, ಒಂದು ಚೆಂಡೂ ಎಸೆಯದೆ.

ಬಿತ್ತನೆಯ ಲೆಕ್ಕ ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆಗೇ ಇದ್ದ ಬೀಜವನ್ನೆಲ್ಲ ನೆಲಕ್ಕೆ ಹಾಕಿದವನು ಮಳೆ ಕೈಕೊಟ್ಟರೆ ಕೆಡುತ್ತಾನೆ. ಇನ್ನೂ ಒಳ್ಳೆಯ ಹದ ಬರಲಿ ಎಂದು ಮೂಟೆ ಬಿಚ್ಚದೆ ಕೂತವನೂ ಕೆಡುತ್ತಾನೆ.

ಹಾಗಾದರೆ ಹದ ಯಾವುದು? ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ನಮ್ಮೂರಿನ ಹತ್ತು ಓವರಿನ ಪಂದ್ಯ. ಕೊನೆಯ ಮೂರು ಓವರಿಗೆ ಎದುರಾಳಿಗೆ 26 ರನ್ನು ಬೇಕು. ನಿಮ್ಮ ಒಳ್ಳೆಯ ಬೌಲರನಿಗೆ ಒಂದು ಓವರು ಉಳಿದಿದೆ. ಅವನು ಸುಮಾರು 5 ರನ್ನು ಕೊಡುತ್ತಾನೆ. ಉಳಿದ ಇಬ್ಬರು ಸಾಧಾರಣದವರು, ತಲಾ 10. ಒಳ್ಳೆಯವನನ್ನು ಎಂಟನೆಯದಕ್ಕೆ ಹಾಕಿದರೂ 5, 10, 10; ಹತ್ತನೆಯದಕ್ಕೆ ಹಾಕಿದರೂ 10, 10, 5. ಎರಡೂ 25. ಕೂಡಿಸುವ ಲೆಕ್ಕದಲ್ಲಿ ಕ್ರಮ ಬದಲಾದರೆ ಮೊತ್ತ ಬದಲಾಗದು ಎಂದು ಮೇಷ್ಟರು ಹೇಳಿಕೊಟ್ಟದ್ದು ಸರಿಯೇ. ಮತ್ತೆ ಇಷ್ಟು ಜಗಳ ಯಾಕೆ?

ಯಾಕೆಂದರೆ ಆಟ ಬರೀ ಕೂಡಿಸುವ ಲೆಕ್ಕವಲ್ಲ. ಎಂಟನೇ ಓವರಿನಲ್ಲಿ ಆಡುತ್ತಿರುವವನು ಎದುರಾಳಿಯ ಅತ್ಯುತ್ತಮ ಬ್ಯಾಟ್ಸ್‌ಮನ್ ಎಂದಿಟ್ಟುಕೊಳ್ಳಿ. ಅವನು ಆಗ ಔಟಾದರೆ ಮುಂದಿನ ಎರಡು ಓವರು ಬಾಲದ ಆಟಗಾರರ ಪಾಲು. ನಿಮ್ಮ ಸಾಧಾರಣ ಬೌಲರನ 10 ರನ್ನಿನ ಓವರು 7ಕ್ಕೆ ಇಳಿಯಬಹುದು. ಇನ್ನೊಂದು: ಮೂರು ಓವರಿಗೆ 26 ಬೇಕಿದ್ದದ್ದು ಎರಡು ಓವರಿಗೆ 21 ಆದಾಗ ಬ್ಯಾಟ್ಸ್‌ಮನ್ ಕೆಟ್ಟ ಹೊಡೆತಕ್ಕೆ ಕೈ ಹಾಕುತ್ತಾನೆ. ಮೂರನೆಯದು ಎಲ್ಲಕ್ಕಿಂತ ಸರಳ. ಎಂಟು, ಒಂಬತ್ತನೇ ಓವರಿನಲ್ಲೇ ಆಟ ಮುಗಿದುಹೋದರೆ ಕೊನೆಗೆಂದು ಕಾಯ್ದಿಟ್ಟ ಓವರು ಮನೆಗೆ ಒಯ್ಯುವುದಕ್ಕೆ ಬರುವುದಿಲ್ಲ. ಬ್ರಿಟನ್‌ಗೆ ಆದದ್ದು ಇದೇ.

ಈ ಲೆಕ್ಕವನ್ನು ಲೋಕವೆಲ್ಲ ನೋಡುವಂತೆ ಮಾಡಿ ತೋರಿಸಿದ ಪಂದ್ಯ 2024ರ ಜೂನ್ 29ರ ಟಿ-20 ವಿಶ್ವಕಪ್ ಫೈನಲ್, ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ. ಭಾರತದ ಮೊತ್ತ 176. ಅಕ್ಷರ್ ಪಟೇಲ್‌ರ 15ನೇ ಓವರಿಗೆ 24 ರನ್ನು ಹೋದವು. ದಕ್ಷಿಣ ಆಫ್ರಿಕಕ್ಕೆ ಉಳಿದ 30 ಎಸೆತಕ್ಕೆ 30 ರನ್ನು ಸಾಕಿತ್ತು. ಆರು ವಿಕೆಟ್ ಕೈಯಲ್ಲಿ. ಕ್ಲಾಸೆನ್, ಮಿಲ್ಲರ್ ಇಬ್ಬರೂ ಕ್ರೀಸಿನಲ್ಲಿ. ನಾಯಕ ರೋಹಿತ್ ಶರ್ಮ ಬಳಿ ಜಸ್‌ಪ್ರೀತ್ ಬುಮ್ರಾ ಅವರ ಎರಡು ಓವರು ಇದ್ದವು. ಗೆರೆಯಾಚೆಯ ನಮ್ಮ ಸಲಹೆಗಾರರಿದ್ದಿದ್ದರೆ 19 ಮತ್ತು 20ಕ್ಕೆ ಇಟ್ಟುಕೋ ಎನ್ನುತ್ತಿದ್ದರೇನೋ. ರೋಹಿತ್ ತಕ್ಷಣ, 16ನೇ ಓವರಿಗೇ ಕರೆದರು. ನಾಲ್ಕೇ ರನ್ನು. ಮುಂದಿನ ಓವರಿನ ಮೊದಲ ಎಸೆತದಲ್ಲೇ ಹಾರ್ದಿಕ್ ಪಾಂಡ್ಯ ಕ್ಲಾಸೆನ್‌ರನ್ನು ಔಟ್ ಮಾಡಿದರು; ಆ ಓವರಿಗೂ ನಾಲ್ಕು. 18ನೆಯದು ಮತ್ತೆ ಬುಮ್ರಾ: ಎರಡು ರನ್ನು, ಯಾನ್ಸನ್ ವಿಕೆಟ್. ಬುಮ್ರಾ ಪಾಲು ಅಲ್ಲಿಗೆ ಮುಗಿಯಿತು. ಇನ್ನೂ ಎರಡು ಓವರು ಬಾಕಿ. 19ನೆಯದರಲ್ಲಿ ಅರ್ಷ್‌ದೀಪ್ ಸಿಂಗ್ ನಾಲ್ಕೇ ಕೊಟ್ಟರು. ಕೊನೆಯ ಓವರು ಹಾರ್ದಿಕ್‌ಗೆ ಬಂದಾಗ ಬೇಕಿದ್ದದ್ದು 16. ಮೊದಲ ಎಸೆತಕ್ಕೆ ಮಿಲ್ಲರ್ ಎತ್ತಿದ ಚೆಂಡನ್ನು ಸೂರ್ಯಕುಮಾರ್ ಯಾದವ್ ಗಡಿಗೆರೆಯಂಚಿನಲ್ಲಿ ಹಿಡಿದ ಕ್ಯಾಚನ್ನು ಯಾರೂ ಮರೆಯಲಾರರು. ಏಳು ರನ್ನಿನ ಗೆಲುವು. ನಮ್ಮ ರಾಹುಲ್ ದ್ರಾವಿಡ್ ಅವರಿಗೆ ತಂಡದ ಮುಖ್ಯ ಕೋಚ್ ಆಗಿ ಅದು ಕೊನೆಯ ಪಂದ್ಯ.

ಎಲ್ಲರ ಕಣ್ಣು ಆ ಕ್ಯಾಚಿನ ಮೇಲೆ, ಕೊನೆಯ ಓವರಿನ ಮೇಲೆ. ನನ್ನನ್ನು ಕೇಳಿದರೆ ಪಂದ್ಯ ತಿರುಗಿದ್ದು 16ರಿಂದ 18ನೇ ಓವರಿನ ನಡುವೆ. ಆ ಮೂರು ಓವರಿಗೆ ಹತ್ತು ರನ್ನು ಮಾತ್ರ ಹೋದದ್ದರಿಂದಲೇ ಕೊನೆಯ ಓವರಿಗೆ 16ರ ಗಂಟು ಉಳಿದದ್ದು. ಅತ್ಯುತ್ತಮ ಬೌಲರು ಬೇಕಾದದ್ದು ಗಡಿಯಾರ ಹೇಳಿದಾಗಲ್ಲ, ಮನೆಗೆ ಬೆಂಕಿ ಬಿದ್ದಾಗ.

ಇದನ್ನು ಅಲ್ಲಗಳೆಯುವ ಉದಾಹರಣೆಯೂ ಇದೆಯಲ್ಲ ಎಂದು 1993ರ ಹೀರೋ ಕಪ್ ನೆನಪಿರುವ ತಂದೆಯರು ಕೇಳಬಹುದು. ನವೆಂಬರ್ 24, ಕಲ್ಕತ್ತೆಯ ಈಡನ್ ಗಾರ್ಡನ್ಸ್, ಸೆಮಿಫೈನಲ್. ದಕ್ಷಿಣ ಆಫ್ರಿಕಕ್ಕೆ ಕೊನೆಯ ಓವರಿನಲ್ಲಿ ಆರು ರನ್ನು. ಕಪಿಲ್ ದೇವ್, ಶ್ರೀನಾಥ್‌ರಂಥವರು ತಂಡದಲ್ಲಿದ್ದರೂ ಅಜರುದ್ದೀನ್ ಚೆಂಡು ಕೊಟ್ಟದ್ದು ಆ ಪಂದ್ಯದಲ್ಲಿ ಅದುವರೆಗೆ ಒಂದು ಓವರೂ ಹಾಕಿರದ 20 ವರ್ಷದ ಸಚಿನ್ ತೆಂಡುಲ್ಕರ್‌ಗೆ. ಮೂರೇ ರನ್ನು ಕೊಟ್ಟರು. ಭಾರತ ಎರಡು ರನ್ನಿನಿಂದ ಗೆದ್ದಿತು. ಒಪ್ಪಿದೆ, ಅದು ಸಾಹಸ. ಆದರೆ ಅದರಲ್ಲೂ ಒಂದು ವಿವೇಕವಿದೆ: ವೇಗದ ಚೆಂಡಿನ ವೇಗವನ್ನೇ ಬಳಸಿ ಬೌಂಡರಿಗೆ ತಳ್ಳುವವರಿಗೆ ನಿಧಾನದ ಚೆಂಡು ಕೊಡುವುದು. ಗೌತಮ್, ಕಾರಿಯಪ್ಪ, ಜೈನ್ ಮೂವರಿಗೂ ಪಾಂಡೆ ಚೆಂಡು ಕೊಟ್ಟದ್ದರಲ್ಲೂ ಈ ವಿವೇಕ ಕಾಣುತ್ತದೆ. ಅದು ಮೂರರಲ್ಲಿ ಎರಡು ಸಲ ಫಲಿಸಿತು.

ಇನ್ನು ಮುಂಚೆ ಹೇಳುತ್ತೇನೆಂದ ಮಾತಿಗೆ ಬರುತ್ತೇನೆ. ಬಿಗಿಯಾದ ಪಂದ್ಯದಲ್ಲಿ ಒಬ್ಬನ ಮೇಲೇ ಭಾರ ಹಾಕುವ ಆಸೆ ನಾಯಕನಿಗೂ ತರಬೇತುದಾರನಿಗೂ ಬಹಳ. ಅದೇ 2016ರಲ್ಲಿ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್ ಫೈನಲ್ ಸರಣಿ ಏಳು ಪಂದ್ಯಕ್ಕೆ ಎಳೆಯಿತು. ಶಿಕಾಗೋದ ಅರೋಲ್ಡಿಸ್ ಚಾಪ್‌ಮನ್ ಲೋಕದಲ್ಲೇ ಅತಿ ವೇಗದ ಎಸೆಗಾರರಲ್ಲೊಬ್ಬ. ಐದನೇ ಪಂದ್ಯದಲ್ಲಿ ಅವನಿಂದ 42 ಚೆಂಡು ಎಸೆಸಿದರು. ಆರನೆಯದರಲ್ಲಿ ತಂಡ ಐದು ರನ್ನು ಮುಂದಿದ್ದಾಗಲೂ ಕರೆದು 20 ಎಸೆಸಿದರು. ನವೆಂಬರ್ 2ರ ಏಳನೇ ಪಂದ್ಯದಲ್ಲಿ ನಿಜವಾಗಿ ಬೇಕಾದಾಗ ಅವನ ತೋಳಿನಲ್ಲಿ ಕಸುವಿರಲಿಲ್ಲ. ಎಂಟನೇ ಇನಿಂಗ್ಸ್‌ನಲ್ಲಿ ರಜಾಯ್ ಡೇವಿಸ್ ಹೊಡೆದ ಹೊಡೆತಕ್ಕೆ ಸ್ಕೋರು ಸಮವಾಯಿತು. ಶಿಕಾಗೋ 8-7ರಲ್ಲಿ ಹೇಗೋ ಗೆದ್ದಿತೆನ್ನಿ. ಗೆದ್ದದ್ದರಿಂದ ವ್ಯವಸ್ಥಾಪಕ ಜೋ ಮ್ಯಾಡನ್ ಬಚಾವಾದರು.

ಚಾಪ್‌ಮನ್ ಆಗ 28 ವರ್ಷದ ಗಟ್ಟಿಮುಟ್ಟಾದ ಗಂಡಸು. ನಮ್ಮ ಹುಡುಗನಿಗೆ ಹದಿಮೂರು. ಬೆಳಗ್ಗೆ ಶಾಲಾ ತಂಡಕ್ಕೆ ಬೌಲಿಂಗ್, ಮಧ್ಯಾಹ್ನ ಓಣಿಯ ತಂಡಕ್ಕೆ, ಭಾನುವಾರ ಪಕ್ಕದ ಊರಿನ ಪಂದ್ಯಾವಳಿಯಲ್ಲಿ ಒಂದೇ ದಿನ ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್. ಪ್ರತಿಯೊಂದು ತಂಡವೂ ಅವನಿಗೆ ಎರಡೇ ಓವರು ಕೊಟ್ಟಿರುತ್ತದೆ. ಒಟ್ಟು ಎಷ್ಟಾಯಿತೆಂದು ಲೆಕ್ಕ ಇಡುವವರು ಮಾತ್ರ ಯಾರೂ ಇಲ್ಲ. ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಗಳು ಇನ್ನೂ ಮೆತ್ತಗೆ. ಭುಜ, ಮೊಳಕೈ, ಸೊಂಟದ ಹಿಂಭಾಗಕ್ಕೆ ಒಂದೇ ಬಗೆಯ ಎಳೆತ ಮತ್ತೆಮತ್ತೆ ಬಿದ್ದರೆ ಸಣ್ಣ ಬಿರುಕು ಬರುತ್ತದೆ. ವೇಗದ ಬೌಲಿಂಗ್ ಮಾಡುವ ಹುಡುಗರಲ್ಲಿ ಬೆನ್ನುಮೂಳೆಯ ಕೆಳಭಾಗಕ್ಕೆ ಆಗುವ ಪೆಟ್ಟು ವೈದ್ಯರಿಗೆ ಚೆನ್ನಾಗಿ ಗೊತ್ತಿರುವಂಥದು. ಎಲ್ಲ ಸವಲತ್ತೂ ಇರುವ ಬುಮ್ರಾ ಅವರೇ ಬೆನ್ನಿನ ತೊಂದರೆಯಿಂದ 2022ರ ಟಿ-20 ವಿಶ್ವಕಪ್ ತಪ್ಪಿಸಿಕೊಂಡರು.

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆ 2007ರಿಂದ ಇನಿಂಗ್ಸ್ ಲೆಕ್ಕ ಬಿಟ್ಟು ಎಸೆತಗಳ ಲೆಕ್ಕವನ್ನೇ ಕಡ್ಡಾಯ ಮಾಡಿತು. 11-12 ವಯಸ್ಸಿನವರು ದಿನಕ್ಕೆ 85 ಎಸೆತ ದಾಟುವಂತಿಲ್ಲ. ಒಂದು ದಿನ 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಫೈನಲ್ ಇದ್ದರೂ ಅಷ್ಟೆ, ತಂಡ ಸೋಲುತ್ತಿದ್ದರೂ ಅಷ್ಟೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯೂ ವೇಗದ ಬೌಲಿಂಗ್ ಮಾಡುವ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಓವರುಗಳ ಮಿತಿ ಹಾಕಿದೆ. ಈ ನಿಯಮದಿಂದ ಇನ್ನೊಂದು ಲಾಭವಿದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ: ಒಬ್ಬನನ್ನೇ ನಂಬುವಂತಿಲ್ಲವಾದ್ದರಿಂದ ತಂಡ ನಾಲ್ಕೈದು ಬೌಲರುಗಳನ್ನು ತಯಾರು ಮಾಡಲೇಬೇಕಾಗುತ್ತದೆ. ಕೊನೆಯ ಓವರು ಹಾಕಲು ಸಚಿನ್ ಕೈ ನೀಡಿದ್ದು, ಹಾರ್ದಿಕ್ ನಡುಗದೆ ಓಡಿ ಬಂದದ್ದು ನೆಟ್ಸ್‌ನಲ್ಲಿ ಅದಕ್ಕೆ ತಯಾರಿ ಇದ್ದದ್ದರಿಂದ. ನಮ್ಮ ಶಾಲಾ ತಂಡದ ಐದನೇ ಬೌಲರನಿಗೆ ಅಭ್ಯಾಸದ ದಿನ ಚೆಂಡೇ ಸಿಗುವುದಿಲ್ಲ. ಪಂದ್ಯದ ದಿನ ಕೊನೆಯ ಓವರು ಅವನ ಕೊರಳಿಗೆ ಬೀಳುತ್ತದೆ.

ಹಾಗೆ ಬಿದ್ದ ಓವರಿನಲ್ಲಿ ಸಿಕ್ಸರು ಹೋಗಿ ತಂಡ ಸೋತರೆ, ಆ ಹುಡುಗ ಸಂಜೆ ಮನೆಗೆ ಬಂದಾಗ ಏನು ಕೇಳುತ್ತೀರಿ? "ಕೊನೆ ಬಾಲ್ ಯಾಕೆ ಹಾಗೆ ಹಾಕಿದೆ?" ಎಂದು ಊರೆಲ್ಲ ಕೇಳಿಯಾಗಿರುತ್ತದೆ. ನೀವು ಬೇರೆ ಪ್ರಶ್ನೆ ಕೇಳಿ. ನಿನಗೆ ಚೆಂಡು ಕೊಟ್ಟಾಗ ಎಷ್ಟು ರನ್ನು ಬೇಕಿತ್ತು? ಒಳ್ಳೆಯ ಬೌಲರ ಓವರುಗಳು ಯಾವಾಗ ಮುಗಿದಿದ್ದವು? ಎದುರಿಗಿದ್ದವನು ಯಾರು, ಫೀಲ್ಡರುಗಳು ಎಲ್ಲಿ ನಿಂತಿದ್ದರು? ಅವನು ಉತ್ತರ ಹೇಳುತ್ತ ಹೇಳುತ್ತ, ಹತ್ತನೇ ಓವರು ಹಾಕುವ ಮೊದಲೇ ಒಂಬತ್ತು ಓವರು ಆಗಿದ್ದವೆಂಬುದು ಅವನಿಗೇ ಕಾಣುತ್ತದೆ. ನಾಯಕನಾಗಿದ್ದವನು ನಿಮ್ಮ ಮಗನೇ ಆಗಿದ್ದರೂ ಇವೇ ಪ್ರಶ್ನೆಗಳು ಸಲ್ಲುತ್ತವೆ. ಗೆದ್ದು ಬಂದ ದಿನವೂ ಕೇಳಿ.

ಮುಂದಿನ ಪಂದ್ಯಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಚೀಟಿ, ಪೆನ್ನು ಇರಲಿ. ಸ್ಕೋರು ಬರೆಯಲು ಬೇರೆಯವರಿದ್ದಾರೆ. ನೀವು ಬರೆಯಬೇಕಾದದ್ದು ಎರಡೇ ಸಾಲು: ನಿಮ್ಮ ಮಗುವಿನ ಹೆಸರು, ಆ ದಿನ ಬೆಳಗಿನಿಂದ ಹಾಕಿದ ಒಟ್ಟು ಎಸೆತ. ವೈಡು, ನೋಬಾಲು, ಪಂದ್ಯಕ್ಕೆ ಮುಂಚೆ ಜೋರಾಗಿ ಹಾಕಿದ ಅಭ್ಯಾಸದ ಚೆಂಡುಗಳನ್ನೂ ಸೇರಿಸಿ. ತೋಳಿಗೆ ಅವೆಲ್ಲ ಒಂದೇ. ಸಂಖ್ಯೆ ಏರುತ್ತಿದ್ದರೆ, ಫೈನಲ್‌ಗೆ ಮುಂಚೆಯೇ ತರಬೇತುದಾರರ ಬಳಿ ಹೋಗಿ ಆ ಚೀಟಿ ತೋರಿಸಿ.